ಡ್ರಾವರ್ ಪೆಟ್ಟಿಗೆ ಕೊಳ್ಳುವವರಿಗೆ: ಜೂನ್ 1ರಿಂದ ಹೊಸ ಲೆಕ್ಕ

ಪ್ರೀತಿಯ ಗ್ರಾಹಕರೇ,

ಜೂನ್ 1ರಿಂದ ನಮ್ಮಲ್ಲಿ ಹಳೇ ಡ್ರಾವರ್ ಪೆಟ್ಟಿಗೆಗಳ ಲೆಕ್ಕ ಬದಲಾಗುತ್ತದೆ. ಇಷ್ಟು ದಿನ ಒಂದೇ ರೇಟ್ ಹೇಳುತ್ತಿದ್ದೆವು. ಅದರಲ್ಲೇ ರಿಪೇರಿ, ಅದರಲ್ಲೇ ಪಾಲಿಶ್, ಮಂಗಳೂರಿನ ಒಳಗಾದರೆ ಸಾಗಾಟವೂ ಅದರಲ್ಲೇ. ಇನ್ನು ಮುಂದೆ ಪೆಟ್ಟಿಗೆಯನ್ನು ಇದ್ದ ಹಾಗೆಯೇ ಮಾರುತ್ತೇವೆ. ಗೆದ್ದಲು, ಕುಟ್ಟೆಗೆ ಮದ್ದು ಕೊಟ್ಟು, ಧೂಳು ತೆಗೆದು, ಕಾಲು ಅಲ್ಲಾಡದ ಹಾಗೆ ಮಾಡಿ ಇಡುತ್ತೇವೆ. ಅದರ ಮೇಲೆ ಏನು ಕೆಲಸ ಬೇಕೋ ನೀವು ಬಂದು ನೋಡಿ ಹೇಳಬೇಕು. ಅದಕ್ಕೆ ಬೇರೆ ಬಿಲ್. ಟೆಂಪೋ ಬಾಡಿಗೆ, ಹೊರುವವರ ಕೂಲಿ ಕೂಡ ಬೇರೆ. ಜೊತೆಗೆ, ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಪಾಲಿಶ್ ಕೆಲಸ ಹಿಡಿಯುವುದಿಲ್ಲ.

ಇದರಿಂದ ಕೆಲವರಿಗೆ ತೊಂದರೆ ಆಗುತ್ತದೆ, ಗೊತ್ತು. ಗೃಹಪ್ರವೇಶಕ್ಕೆ, ಮದುವೆಗೆ ಅಂತ ತಾರೀಕು ಇಟ್ಟುಕೊಂಡು ಬರುವವರು ಬೇಸರ ಮಾಡಿಕೊಳ್ಳುತ್ತೀರಿ. ಅದಕ್ಕೆ ನಿಜವಾಗಿ ಕ್ಷಮೆ ಕೇಳುತ್ತೇವೆ. ಆದರೆ ರೇಟ್ ಬಿಡಿಸಿ ಹೇಳುವುದಕ್ಕೆ ಕ್ಷಮೆ ಕೇಳುವುದಿಲ್ಲ. ಅದನ್ನು ಮಾಡಲೇಬೇಕಾಗಿ ಬಂದದ್ದು ಒಂದು ಮಾತಿನಿಂದ.

ಆ ಮಾತು ನೀವೂ ಕೇಳಿರುತ್ತೀರಿ. ನಿಮ್ಮಲ್ಲಿ ಕೆಲವರು ಆಡಿಯೂ ಇದ್ದೀರಿ. "ಹಳೇ ಮನೆ ಕೆಡವುವಾಗ ಪುಕ್ಕಟೆ ಸಿಕ್ಕಿದ ಮರ. ಅದಕ್ಕೆ ಇಷ್ಟು ರೇಟಾ ಮಾರಾಯ್ರೆ?"

ಪುಕ್ಕಟೆ ಎಲ್ಲಿ ಸಿಗುತ್ತದೆ ಅಂತ ಹೇಳಿದರೆ ನಾವೂ ಬರುತ್ತೇವೆ. ಕೆಡವುವ ಕಂಟ್ರಾಕ್ಟರ್ ಒಂದು ಡ್ರಾವರ್ ಪೆಟ್ಟಿಗೆಯನ್ನು ಮಾತ್ರ ಎತ್ತಿ ಕೊಡುವುದಿಲ್ಲ. ಬಾಗಿಲು, ದಾರಂದ (ಬಾಗಿಲಿನ ಚೌಕಟ್ಟು), ಕಂಬ, ತೊಲೆ, ಕಾಲು ಮುರಿದ ಮಂಚ ಎಲ್ಲ ಸೇರಿ ಒಂದು ಲಾಟ್. ಬೇಕಾದರೆ ಪೂರ್ತಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಡಿ. ಆ ಲಾಟ್‌ನಲ್ಲಿ ಮಾರಾಟಕ್ಕೆ ಬರುವುದು ಒಂದೆರಡು ಸಾಮಾನು. ಉಳಿದದ್ದು ನಮ್ಮ ಗೋಡೌನಿನಲ್ಲಿ ಬಾಡಿಗೆ ತಿನ್ನುತ್ತಾ ಕೂತಿರುತ್ತದೆ.

ಮನೆಯವರಿಂದಲೇ ಕೊಳ್ಳೋಣ ಅಂದರೆ ಅದು ಇನ್ನೊಂದು ಕಥೆ. ಅಣ್ಣತಮ್ಮಂದಿರು ಮೂವರು ಒಪ್ಪಿರುತ್ತಾರೆ, ನಾಲ್ಕನೆಯವರು ದುಬೈಯಲ್ಲಿ. ಅವರ ಒಪ್ಪಿಗೆ ಬರುವಷ್ಟರಲ್ಲಿ ಕೊಚ್ಚಿಯ ಮಟ್ಟಾಂಚೇರಿಯದ್ದೋ ತಮಿಳುನಾಡಿನ ಕಾರೈಕುಡಿಯದ್ದೋ ಹಳೇ ಸಾಮಾನಿನ ವ್ಯಾಪಾರಿ ಬಂದು ಜಾಸ್ತಿ ಹೇಳಿ ಹೋಗಿರುತ್ತಾನೆ. ಈಗ ಎಲ್ಲರೂ ಫೋನಿನಲ್ಲಿ ಲಂಡನ್ ಅಂಗಡಿಯ ರೇಟ್ ನೋಡಿಯೇ ಮಾತಿಗೆ ಕೂರುವುದು. ಅಲ್ಲಿ ಮಹಾಗನಿಯ ಪೆಟ್ಟಿಗೆಗೆ ಪೌಂಡ್‌ನಲ್ಲಿ ಬರೆದದ್ದನ್ನು ಇಲ್ಲಿ ಹಲಸಿನ ಪೆಟ್ಟಿಗೆಗೆ ರೂಪಾಯಿಯಲ್ಲಿ ಕೇಳುತ್ತಾರೆ. ಅವರ ಮಾಲು, ಅವರು ಕೇಳುತ್ತಾರೆ, ತಪ್ಪು ಅನ್ನುವುದಿಲ್ಲ. ಆದರೆ ಆ ರೇಟ್ ಕೊಟ್ಟು ತಂದವರು ನಾವು ಅನ್ನುವುದು ನೆನಪಿರಲಿ.

ಆಮೇಲೆ ಕೆಲಸ. ಕಪಾಟಿಗಿಂತ ಡ್ರಾವರ್ ಪೆಟ್ಟಿಗೆಗೆ ಕೆಲಸ ಜಾಸ್ತಿ. ಕಪಾಟಿಗೆ ಎರಡು ಬಾಗಿಲು ಸರಿ ಮಾಡಿದರೆ ಮುಗಿಯಿತು. ಇದರಲ್ಲಿ ಒಂದೊಂದು ಡ್ರಾವರೂ ಒಂದೊಂದು ಪೆಟ್ಟಿಗೆ. ಮುಖ, ಹಿಂಬದಿ, ಎರಡು ಪಕ್ಕ, ತಳ. ನಾಲ್ಕು ಡ್ರಾವರ್ ಇದ್ದರೆ 20 ಹಲಗೆ ನೋಡಬೇಕು. ವರ್ಷಗಟ್ಟಲೆ ಎಳೆದು ದೂಡಿ ಪಕ್ಕದ ಹಲಗೆಯ ಕೆಳಗಿನ ಅಂಚು ಸವೆದಿರುತ್ತದೆ. ಅದು ಜಾರುವ ಪಟ್ಟಿಯೂ ಸವೆದಿರುತ್ತದೆ. ಅಲ್ಲಿಗೆ ಹೊಸ ಮರ ಹಾಕಿದರೆ ಅದು ಒಣಗುತ್ತಾ ಕುಗ್ಗುತ್ತದೆ, ಮತ್ತೆ ಸಡಿಲ. ಹಾಗಾಗಿ ಹಳೇ ಒಣ ಮರವೇ ಬೇಕು. ಸಾಗುವಾನಿಗೆ ಸಾಗುವಾನಿ, ಹಲಸಿಗೆ ಹಲಸು. ಗೋಡೌನಿನಲ್ಲಿ ಕೂತ ದಾರಂದಗಳು ಆಗ ಉಪಯೋಗಕ್ಕೆ ಬರುತ್ತವೆ, ಒಪ್ಪುತ್ತೇನೆ. ಹಿತ್ತಾಳೆಯ ಹಿಡಿ ಒಂದು ಕಾಣೆಯಾಗಿದ್ದರೆ ಉಳಿದದ್ದಕ್ಕೆ ಹೊಂದುವ ಹಾಗೆ ಎರಕ ಹೊಯ್ಯಿಸಬೇಕು. ಒಂದೇ ಹಿಡಿಗಾಗಿ ಯಾರೂ ಸುಮ್ನೆ ಅಚ್ಚು ಮಾಡಿಕೊಡುವುದಿಲ್ಲ.

ಇದನ್ನೆಲ್ಲ ಮಾಡುವ ಆಚಾರಿಗಳು ಎಷ್ಟು ಜನ ಉಳಿದಿದ್ದಾರೆ ಹೇಳಿ. ಹುಡುಗರೆಲ್ಲ ಪ್ಲೈವುಡ್ ಮತ್ತು ಮಾಡ್ಯುಲರ್ ಕಿಚನ್ ಕೆಲಸಕ್ಕೆ ಹೋದರು. ಅಲ್ಲಿ ಬೇಗ ಮುಗಿಯುತ್ತದೆ, ಕೂಲಿಯೂ ಚೆನ್ನಾಗಿದೆ. ನಮ್ಮಲ್ಲಿ ಇರುವ ಇಬ್ಬರು ಹಿರಿಯರಿಗೆ ಅವರ ಕೈಗೆ ತಕ್ಕ ಕೂಲಿ ಕೊಡುತ್ತೇವೆ. ಅದರಲ್ಲಿ ಚೌಕಾಸಿ ಮಾಡುವ ಯೋಚನೆ ಇಲ್ಲ.

ಇಷ್ಟು ದಿನ ಈ ಖರ್ಚೆಲ್ಲ ಒಂದೇ ರೇಟಿನೊಳಗೆ ಅಡಗಿತ್ತು. ಅದಕ್ಕೇ ನಿಮಗೆ ಮರದ ರೇಟ್ ಅಂತ ಕಂಡಿತು. ಇನ್ನು ಮುಂದೆ ಪೆಟ್ಟಿಗೆಗೆ ಎಷ್ಟು, ಕೆಲಸಕ್ಕೆ ಎಷ್ಟು, ಟೆಂಪೋಗೆ ಎಷ್ಟು, ಬಿಲ್ಲಿನಲ್ಲೇ ನೋಡಿ. ರಿಪೇರಿ ನಿಮ್ಮ ಪರಿಚಯದ ಆಚಾರಿಯಿಂದಲೇ ಮಾಡಿಸಿಕೊಳ್ಳುತ್ತೀರಾ, ತುಂಬಾ ಸಂತೋಷ. ಆದರೆ ಜುಲೈಯಲ್ಲಿ ಡ್ರಾವರ್ ಕೀಸಲು ಬಿಡಬೇಡಿ. ಇದೊಂದು ಮಾತು ನಮ್ಮ ಮೇಲೆ ಸಿಟ್ಟಿದ್ದರೂ ಕೇಳಿ.

ಮರ ಗಾಳಿಯ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ. ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಡ್ರಾವರಿನ ಪಕ್ಕದ ಹಲಗೆಯಲ್ಲಿ ಎಳೆ ಮುಂದಿನಿಂದ ಹಿಂದಕ್ಕೆ ಓಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅದರ ಎತ್ತರ ಜಾಸ್ತಿಯಾಗಿ ಮೇಲೆ ಹಿಡಿಯುತ್ತದೆ. ಆಗ ಕೀಸಿದರೆ ಜನವರಿಯಲ್ಲಿ ಅದೇ ಡ್ರಾವರ್ ಲೊಡಲೊಡ ಅನ್ನುತ್ತದೆ. ತೆಗೆದ ಮರ ವಾಪಸ್ ಬರುವುದಿಲ್ಲ. ಡ್ರಾವರ್ ಹೊರಗೆ ತೆಗೆದು ಒಣ ಕೋಣೆಯಲ್ಲಿ ಇಡಿ. ಜಾರುವ ಅಂಚಿಗೆ ಮೇಣದ ಬತ್ತಿ ಉಜ್ಜಿ. ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಡಿ. ಹಾಗೂ ಹಿಡಿದರೆ ದೀಪಾವಳಿ ಕಳೆಯುವವರೆಗೆ ಕಾಯಿರಿ. ಆಮೇಲೂ ಹಿಡಿದರೆ ನಮಗೆ ಹೇಳಿ.

ಪಾಲಿಶ್ ನಿಲ್ಲಿಸುವುದಕ್ಕೂ ತೇವವೇ ಕಾರಣ. ನಾವು ಹಚ್ಚುವುದು ಅರಗಿನ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳ್ಳಗೆ ಪದರದ ಮೇಲೆ ಪದರ ತಿಕ್ಕುವುದು. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಆಗ ಪದರದೊಳಗೆ ತೇವ ಸಿಕ್ಕಿಕೊಂಡು ಬಿಳಿ ಬಿಳಿ ಮಸುಕು ಬರುತ್ತದೆ. "ಹಾಗಾದರೆ ಪಿಯು ಹೊಡೆದು ಕೊಡಿ" ಅನ್ನುತ್ತೀರಿ. ಪಿಯು ಅಂದರೆ ಪಾಲಿಯುರೆಥೇನ್, ಪ್ಲಾಸ್ಟಿಕ್ ಥರದ ಪದರ. ಅದು ಗಟ್ಟಿ, ನೀರು ತಡೆಯುತ್ತದೆ, ಸುಳ್ಳಲ್ಲ. ಬಿಸಿ ಚಹಾದ ಲೋಟ ಇಟ್ಟರೆ ಅರಗಿನ ಮೇಲೆ ಬಿಳಿ ಉಂಗುರ ಬೀಳುತ್ತದೆ, ಅದೂ ನಿಜ. ಆದರೆ ಅರಗಿನ ಪಾಲಿಶ್ ಹಾಳಾದರೆ ಸ್ಪಿರಿಟ್‌ನಲ್ಲಿ ಕರಗಿಸಿ ಆ ಜಾಗ ಮಾತ್ರ ಸರಿ ಮಾಡಬಹುದು. ಪಿಯು ತೆಗೆಯಬೇಕಾದರೆ ಹೆಚ್ಚಾಗಿ ಉಜ್ಜಿಯೇ ತೆಗೆಯಬೇಕಾಗುತ್ತದೆ. ಆ ಉಜ್ಜುವಿಕೆಯಲ್ಲಿ ಮರದ ಮೇಲ್ಮೈಯೂ ಹೋಗುತ್ತದೆ. ನೀವು ದುಡ್ಡು ಕೊಟ್ಟದ್ದೇ ಆ ಮೇಲ್ಮೈಗೆ ಅಲ್ವಾ? ನಮ್ಮ ಅಂಗಡಿಯಲ್ಲಿ ಹಳೇ ಪೆಟ್ಟಿಗೆಗೆ ಪಿಯು ಹೊಡೆಯುವುದಿಲ್ಲ. ಬೇರೆ ಕಡೆ ಮಾಡಿಸಿಕೊಂಡರೆ ನಮ್ಮ ಅಡ್ಡಿ ಇಲ್ಲ. ನಮಗೆ ಫೋಟೋ ಮಾತ್ರ ಕಳಿಸಬೇಡಿ.

ಇದ್ದ ಹಾಗೆ ಮಾರುತ್ತೇವೆ ಅಂದ ಮೇಲೆ ನೋಡಿ ಕೊಳ್ಳುವುದು ನಿಮ್ಮ ಹಕ್ಕು. ವಾಟ್ಸಾಪ್ ಫೋಟೋ ನೋಡಿ ಅಡ್ವಾನ್ಸ್ ಹಾಕುವವರಿಗೆ ಇನ್ನು ಮುಂದೆ ಬೇಡ ಅನ್ನುತ್ತೇವೆ. ಬನ್ನಿ, ಡ್ರಾವರ್ ಪೂರ್ತಿ ಹೊರಗೆ ಎಳೆಯಿರಿ, ತಿರುಗಿಸಿ ನೋಡಿ. ಯಾರೂ ಏನೂ ಅನ್ನುವುದಿಲ್ಲ. ನಮ್ಮಲ್ಲಿ ಅಂತಲ್ಲ, ಎಲ್ಲಿ ಕೊಂಡರೂ ಹೀಗೆಯೇ ನೋಡಿ.

ಮೊದಲು ಮುಂದಿನ ಹೊಳಪು ಬಿಡಿ. ಒಳಗಿನ ಮರ ನೋಡಿ. ಹಳೇ ಡ್ರಾವರಿನ ಒಳಗೆ ಸಾಮಾನ್ಯವಾಗಿ ಪಾಲಿಶ್ ಇರುವುದಿಲ್ಲ, ಮರ ಒಣಗಿ ಬಣ್ಣ ಮಂಕಾಗಿರುತ್ತದೆ. ಒಳಗೂ ಹೊರಗೂ ಒಂದೇ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಅಂಚು ಸವೆದಿದೆಯಾ, ಸವೆದ ಜಾಗಕ್ಕೆ ಸರಿಯಾಗಿ ಕೆಳಗಿನ ಪಟ್ಟಿಯೂ ಸವೆದಿದೆಯಾ ನೋಡಿ. ಹಿಡಿಯ ಹಿಂದೆ, ಡ್ರಾವರಿನ ಒಳಬದಿಯಲ್ಲಿ, ಮುಚ್ಚಿದ ಹಳೇ ತೂತು ಕಂಡರೆ ಹಿಡಿ ಬದಲಾಗಿದೆ ಅಂತ ಅರ್ಥ. ಅದು ದೊಡ್ಡ ದೋಷವಲ್ಲ, ರೇಟಿನಲ್ಲಿ ಮಾತ್ರ ಲೆಕ್ಕಕ್ಕೆ ಬರಬೇಕು. ಮೇಲಿನ ಹಲಗೆ ಒಂದು ಪೆಟ್ಟಿಗೆಯದ್ದು, ಕೆಳಗಿನ ಮೈ ಇನ್ನೊಂದರದ್ದು, ಇದೂ ಉಂಟು. ಹಿಂಬದಿಯ ಹಲಗೆಗಳ ಬಣ್ಣ ಹೊಂದದಿದ್ದರೆ ಸಂಶಯ ಪಡಿ.

ಡ್ರಾವರಿನ ಮೂಲೆಯಲ್ಲಿ ಡವ್‌ಟೇಲ್ ಜೋಡಣೆ ಇರುತ್ತದೆ, ಅಂದರೆ ಹಕ್ಕಿಯ ಬಾಲದ ಹಾಗೆ ಅಗಲವಾಗುವ ಹಲ್ಲುಗಳು ಒಂದರೊಳಗೊಂದು ಕೂರುವುದು. ಹಲ್ಲುಗಳು ಒಂದಕ್ಕೊಂದು ಹೆಚ್ಚು ಕಡಿಮೆ ಇದ್ದರೆ ಕೈಯಲ್ಲಿ ಕೊಯ್ದದ್ದು, ಎಲ್ಲ ಒಂದೇ ಅಳತೆಯಾದರೆ ಯಂತ್ರದ್ದು ಅಂತ ಇಂಗ್ಲಿಷ್ ವಿಡಿಯೋಗಳಲ್ಲಿ ಹೇಳುತ್ತಾರೆ. ಯುರೋಪಿನ, ಅಮೆರಿಕದ ಮಾಲಿಗೆ ಅದು ಸರಿ. ಅಲ್ಲಿ 19ನೇ ಶತಮಾನದ ಕೊನೆಗೆ ಯಂತ್ರದ ಜೋಡಣೆ ಮಾಮೂಲಾಯಿತು. ನಮ್ಮ ಆಚಾರಿಗಳು ಆಮೇಲೂ ಎಷ್ಟೋ ಕಾಲ ಕೈಯಲ್ಲೇ ಕೊಯ್ದರು, ಈಗಲೂ ಕೊಯ್ಯುವವರಿದ್ದಾರೆ. ಹಾಗಾಗಿ ಕೈಯ ಜೋಡಣೆ ಕಂಡ ಕೂಡಲೇ 150 ವರ್ಷ ಅಂತ ಲೆಕ್ಕ ಹಾಕಬೇಡಿ. ತಿರುಪು ಮೊಳೆ ಒಂದನ್ನು ಬಿಚ್ಚಿಸಿ ನೋಡುವುದು ಒಳ್ಳೆಯದು. ತುದಿ ಮೊಂಡಾಗಿ, ತಲೆಯ ಗೀಟು ನಡುವಿನಿಂದ ಸ್ವಲ್ಪ ಸರಿದಿದ್ದರೆ ತುಂಬಾ ಹಳೇದು. ತುದಿ ಚೂಪಾದ ತಿರುಪು ಬಂದದ್ದು 1840ರ ದಶಕದ ಆಮೇಲೆ. ಆದರೆ ತಿರುಪನ್ನು ಯಾರು ಬೇಕಾದರೂ ಬದಲಾಯಿಸಬಹುದು. ಒಂದೇ ಗುರುತನ್ನು ನಂಬಬೇಡಿ.

ಇದನ್ನೆಲ್ಲ ನಾವೇ ಯಾಕೆ ಹೇಳಿಕೊಡುತ್ತೇವೆ ಅಂದರೆ, ಹಳೇ ದಾರಂದ ಕೊಯ್ದು ಕಳೆದ ತಿಂಗಳು ಮಾಡಿದ ಪೆಟ್ಟಿಗೆಗೆ "ಪೋರ್ಚುಗೀಸರ ಕಾಲದ್ದು" ಅಂತ ಚೀಟಿ ಹಚ್ಚಿ ಮಾರುವವರು ಊರಲ್ಲಿ ಇದ್ದಾರೆ. ಅವರ ರೇಟ್ ನಮಗಿಂತ ಕಡಿಮೆ ಇರುವುದರಲ್ಲಿ ಆಶ್ಚರ್ಯ ಏನಿದೆ? ಹಳೇ ಮರದಲ್ಲಿ ಹೊಸದು ಮಾಡುವುದು ತಪ್ಪಲ್ಲ, ಹೇಳಿ ಮಾರಬೇಕು ಅಷ್ಟೇ. ನಮ್ಮ ಬಿಲ್ಲಿನಲ್ಲಿ "ಸುಮಾರು" ಅನ್ನುವ ಶಬ್ದ ಇದ್ದೇ ಇರುತ್ತದೆ. ಅದು ಬೇಡ, ಇಸವಿಯೇ ಬರೆದುಕೊಡಿ ಅಂತ ಒತ್ತಾಯ ಮಾಡಬೇಡಿ. ಕಣ್ಣು ಪಳಗಬೇಕಾದರೆ ಒಂದು ದಿನ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ ಬನ್ನಿ. ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದ ಜಾಗ ಅದು. ಅಲ್ಲಿ ನೋಡಿ ಬಂದವರು ನಮ್ಮಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಅಂಥ ಗ್ರಾಹಕರು ಬಂದರೆ ನಮಗೂ ಮಾತಾಡಲು ಖುಷಿ.

ವಿದೇಶದಲ್ಲಿರುವ ಮಕ್ಕಳಿಗೆ ಕಳಿಸಲು ಕೊಳ್ಳುವವರಿಗೆ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕೈಕೆಲಸದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬೀಟೆ ಮರದ್ದಾದರೆ 2017ರಿಂದ ಅಂತರರಾಷ್ಟ್ರೀಯ ನಿಯಮವೂ ಸೇರಿಕೊಂಡಿದೆ. ಕಂಟೇನರ್‌ಗೆ ಹಾಕುವ ಮೊದಲು ಕಾಗದಪತ್ರ ವಿಚಾರಿಸಿ. ಮಾತಾಡುವಾಗ "120 ವರ್ಷದ್ದು ತಾನೇ?" ಅಂತ ಕೇಳಿ, ಬಿಲ್ ಬರೆಯುವಾಗ "80 ಅಂತ ಹಾಕಿ" ಅನ್ನುವವರಿಗೆ ನಮ್ಮ ಉತ್ತರ ಮೊದಲಿನದ್ದೇ. ಆಗುವುದಿಲ್ಲ.

ಸಾಗಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನವರು ಮಳೆಗಾಲದಲ್ಲಿ ತಾರೀಕು ಕೇಳಬೇಡಿ. ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಟೆಂಪೋದವರು ಏನು ಮಾಡಿಯಾರು, ನಾವೇನು ಮಾಡಿಯೇವು. ಫ್ಲ್ಯಾಟಿನವರು ಲಿಫ್ಟಿನ ಬಾಗಿಲು ಅಳೆದ ಮೇಲೆಯೇ ಮಾತಾಡಿ. ಬ್ರಿಟಿಷ್ ಸೇನೆಯ ಅಧಿಕಾರಿಗಳು ಜೊತೆಗೆ ಒಯ್ಯುತ್ತಿದ್ದ ಥರದ ಪೆಟ್ಟಿಗೆ ನಮಗೆ ಅಪರೂಪಕ್ಕೆ ಬರುತ್ತದೆ. ಮೂಲೆಗೆ ಹಿತ್ತಾಳೆ, ಹಿಡಿ ಮರದೊಳಗೆ ಹುದುಗಿರುತ್ತದೆ, ಮೈ ಎರಡು ತುಂಡಾಗಿ ಬಿಡಿಸಿಕೊಳ್ಳುತ್ತದೆ. ಮೂರನೇ ಮಾಳಿಗೆಗೆ ಮೆಟ್ಟಿಲಲ್ಲಿ ಹೊರುವವರು ಹರಸುವುದು ಅದೊಂದನ್ನೇ. ಉಳಿದ ಪೆಟ್ಟಿಗೆಗಳಿಗೆ ಹೊರುವವರ ಕೂಲಿ ಮಹಡಿ ಲೆಕ್ಕದಲ್ಲಿ, ಅವರ ಕೈಗೇ ಕೊಡಿ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ನಿಮಗೆ ಹಳೇ ಲೆಕ್ಕವೇ. ಪಾಲಿಶ್ ಬಾಕಿ ಇರುವ ಪೆಟ್ಟಿಗೆಗಳನ್ನು ಮೇ ಒಳಗೆ ಮುಗಿಸಲು ನೋಡುತ್ತೇವೆ. ಮುಗಿಯದಿದ್ದರೆ ಅಕ್ಟೋಬರ್‌ವರೆಗೆ ನಮ್ಮಲ್ಲೇ ಇರಲಿ, ಅದಕ್ಕೆ ಬಾಡಿಗೆ ಇಲ್ಲ. ಹಿಂದೆ ನಮ್ಮಿಂದ ಕೊಂಡ ಪೆಟ್ಟಿಗೆಯ ಜೋಡಣೆ ಬಿಟ್ಟಿದ್ದರೆ ಮೊದಲಿನ ಹಾಗೆ ಬಂದು ನೋಡುತ್ತೇವೆ, ಅದಕ್ಕೂ ದುಡ್ಡು ಕೇಳುವುದಿಲ್ಲ. ಅಪ್ಪನ ಕಾಲದಿಂದ ಬರುವವರಿಗೆ ಇದನ್ನು ಬರೆದು ಹೇಳಬೇಕಾಗಿಲ್ಲ. ಆದರೂ "ಅದನ್ನೂ ನಿಲ್ಲಿಸಿದಿರಾ?" ಅಂತ ಹೋದ ವಾರ ಒಬ್ಬರು ಅಕ್ಕ ಫೋನ್ ಮಾಡಿ ಕೇಳಿದರು. ನಿಲ್ಲಿಸಿಲ್ಲ ಅಕ್ಕ.

ಕೀಲಿ ಸಿಗದೆ ಬೀಗ ಬಿಚ್ಚಿ ನಮ್ಮಲ್ಲಿ ಬಿಟ್ಟು ಹೋದವರ ಬೀಗಗಳು ತಯಾರಾಗಿವೆ. ಭಾನುವಾರ ಬಿಟ್ಟು ಯಾವತ್ತು ಬೇಕಾದರೂ ಬಂದು ತೆಗೆದುಕೊಂಡು ಹೋಗಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಊಟದ ಹೊತ್ತು.

ಇಂತಿ,
ಜೆಪ್ಪುವಿನ ನಿಮ್ಮ ಹಳೇ ಪೀಠೋಪಕರಣದ ಅಂಗಡಿಯವರು