ತಿಗರಿ ಮುಂದೆ ಯಾರು ಕೂರಬೇಕು

ಚಂದ್ರುಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಉದ್ದದ ಮೆಸೇಜು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಅದಕ್ಕೇ ಇನ್ನೊಂದು ಸಲ ಓದಿದೆ. ಇಂಗ್ಲೆಂಡಿನ ಅಲೀಸ್ಟರ್ ಕ್ರೌಲಿ ಹುಟ್ಟುಹಾಕಿದ ಥೆಲೆಮಾ ಅನ್ನೋ ಪಂಥದಲ್ಲಿ ಪ್ರತಿಯೊಬ್ಬರಿಗೂ ಅವರದೇ ನಿಜವಾದ ಸಂಕಲ್ಪ, ಅಂದರೆ ಅವರು ಮಾಡಲೆಂದೇ ಇರುವ ಕೆಲಸ, ಅಂತ ಒಂದಿದೆ, ಜಾತಿ ಮಾಡಿದ್ದೂ ಅದನ್ನೇ, ಅವರವರ ಕೆಲಸ ಅವರವರಿಗೆ ಹಂಚಿಕೊಟ್ಟಿತು, ಅದು ಸರಿಯಾಗಿ ಉಳಿದಿದ್ದರೆ ಜನ ಹೀಗೆ ದಾರಿ ತಪ್ಪಿ ಅಲೆಯುತ್ತಿರಲಿಲ್ಲ ಅಂತ ಬರೆದಿದ್ದೀಯ. ಮೂರು ವರ್ಷದಲ್ಲಿ ಮೂರು ಕೆಲಸ ಬಿಟ್ಟವನು ನೀನು. ಆ ಸುಸ್ತು ನನಗೆ ಗೊತ್ತಾಗುತ್ತದಪ್ಪ. ಆದರೆ ಅದಕ್ಕೆ ನೀನು ಹುಡುಕಿದ ಮದ್ದು ಸರಿ ಇಲ್ಲ.

ನೀನು ಹೇಳಿದ ಪುಸ್ತಕವನ್ನು, ಥೆಲೆಮಾದವರ ಮೂಲಗ್ರಂಥ ‘ದಿ ಬುಕ್ ಆಫ್ ದಿ ಲಾ’ ಅನ್ನೋದನ್ನು, ನಾನೂ ಓದಿದೆ. ಸಣ್ಣದು, ಒಂದು ಮಧ್ಯಾಹ್ನಕ್ಕೆ ಮುಗಿಯಿತು. 1904ರ ಏಪ್ರಿಲ್‌ನಲ್ಲಿ ಕೈರೋದಲ್ಲಿ ಮೂರು ದಿನ, ದಿನಕ್ಕೊಂದು ಗಂಟೆ, ಒಂದು ದನಿ ಹೇಳಿದ್ದನ್ನು ಬರೆದುಕೊಂಡೆ ಅಂತಾನೆ ಕ್ರೌಲಿ. ಅದನ್ನು ನಂಬೋದು ಬಿಡೋದು ನಿನಗೆ ಬಿಟ್ಟದ್ದು. ನಮ್ಮೂರಲ್ಲಿ ದೇವರು ಮೈಮೇಲೆ ಬಂದಾಗ ನಾನೂ ಸುಮ್ನೆ ಕೈಮುಗಿದು ನಿಂತವನೇ.

ಅದರಲ್ಲಿ ಗಂಡಾಗಲಿ ಹೆಣ್ಣಾಗಲಿ ಪ್ರತಿಯೊಬ್ಬರೂ ಒಂದು ನಕ್ಷತ್ರ ಅನ್ನುವ ಮಾತು ಮೊದಲಿಗೇ ಬರುತ್ತದೆ. ನೀನು ಹಿಡಿದುಕೊಂಡಿರುವುದು ಇನ್ನೊಂದು ಮಾತನ್ನು. ರಾಜರು ಎಂದೆಂದಿಗೂ ರಾಜರೇ, ಗುಲಾಮರು ಸೇವೆ ಮಾಡುತ್ತಾರೆ, ಅನ್ನೋದು. ಇಲ್ಲ ಅನ್ನಲ್ಲ, ಇದೆ. ನನಗೆ ಹಿಡಿಸಲಿಲ್ಲ. ಆದರೆ ನೀನು ಅಲ್ಲೇ ಯಾಕೆ ನಿಂತೆ? ಅದರ ಬೆನ್ನಿಗೇ ಏನಿದೆ ನೋಡು. ಅಗೋ ಆ ಭಿಕ್ಷುಕನೇ ರಾಜ ಇರಬಹುದು, ರಾಜ ತನಗೆ ಬೇಕಾದ ಬಟ್ಟೆ ತೊಡುತ್ತಾನೆ, ಕಂಡುಹಿಡಿಯಲು ಖಚಿತವಾದ ಪರೀಕ್ಷೆ ಇಲ್ಲ, ಹಾಗಾಗಿ ಎಲ್ಲರನ್ನೂ ಪ್ರೀತಿಸು ಅಂತ ಇದೆ. ಜಾತಿ ಅಂದರೇನು ಮತ್ತೆ? ಪರೀಕ್ಷೆ ಇದೆ, ಅದು ಹುಟ್ಟಿದ ದಿನವೇ ಮುಗಿದಿದೆ, ಫಲಿತಾಂಶ ಬದಲಾಗಲ್ಲ, ಅನ್ನೋದೇ ಅಲ್ವಾ? ಎರಡನ್ನೂ ಒಂದೇ ಗೂಟಕ್ಕೆ ಕಟ್ಟೋದು ಹೇಗೆ?

ನಮ್ಮ ಮನೆಯನ್ನೇ ತಗೋ. ನಿನ್ನ ತಾತ ತಿಗರಿ ಮುಂದೆ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಕೆರೆ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿಯೇ ಇದು ಆವಿಗೆಯಲ್ಲಿ ಬಿರುಕು ಬಿಡುತ್ತದೆ ಅಂತ ಹೇಳೋರು. ಸಂಕಲ್ಪ ಅಂತ ನೀನು ಹೇಳೋದು ಅವರಲ್ಲಿತ್ತು, ಜಾತಿಯೂ ಅದೇ ಆಗಿತ್ತು, ಎರಡೂ ಹೇಗೋ ಕೂಡಿಬಂತು. ನನಗೆ ಕೂಡಿಬರಲಿಲ್ಲ. ಎಂಟು ವರ್ಷ ಅದೇ ಮಣ್ಣು ತುಳಿದೆ, ನಾನು ತಿರುಗಿಸಿದ ಒಂದು ಗಡಿಗೆಯೂ ನೆಟ್ಟಗೆ ನಿಲ್ಲಲಿಲ್ಲ. ನನಗೆ ಕಣ್ಣು ಮುಚ್ಚಿದರೂ ತೆರೆದರೂ ಲೆಕ್ಕ. ಹೈಸ್ಕೂಲಿಗೆ ಸೇರಿದಾಗ ಒಬ್ಬ ಮೇಷ್ಟ್ರು, ಕುಂಬಾರರ ಹುಡುಗನಿಗೆ ಲೆಕ್ಕ ಯಾಕೋ, ಮಡಕೆ ಎಣಿಸೋಕಾ ಅಂದರು. ಇಡೀ ಕ್ಲಾಸು ನಕ್ಕಿತು. ಮುಂದೆ ಮೂವತ್ತೊಂದು ವರ್ಷ ಲೆಕ್ಕ ಪಾಠ ಮಾಡಿದೆನಲ್ಲ, ಒಂದು ದಿನವೂ ಬೇಜಾರಾಗಲಿಲ್ಲ. ಅವರ ಮಾತು ನಡೆದಿದ್ದರೆ ನಾನು ಇವತ್ತಿಗೂ ಓರೆ ಗಡಿಗೆ ಮಾಡುತ್ತಾ ಇರುತ್ತಿದ್ದೆ, ಊರಿನವರು ಪಾಪ ಅದರಲ್ಲೇ ನೀರು ತುಂಬಿಕೊಳ್ಳಬೇಕಿತ್ತು.

ಇನ್ನೊಂದು ಹೇಳಲೇಬೇಕು, ಹೇಳೋಕೆ ನಾಚಿಕೆ. ಕೇರಿಯವರು ಗಡಿಗೆಗೆ ಬಂದರೆ ನಾವು ಅದನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆವು. ಅವರು ಕಾಸನ್ನು ನೆಲದ ಮೇಲೆ ಇಡೋರು. ಮೇಲಿನವರು ನಮಗೆ ಮಾಡಿದ್ದನ್ನು ನಾವು ಅವರಿಗೆ ಮಾಡುತ್ತಿದ್ದೆವು, ಅಷ್ಟೇ. ಇದರಲ್ಲಿ ಕೆಲಸ ಹಂಚೋದು ಎಲ್ಲಿಂದ ಬಂತು? ಕಸುಬು ಮಕ್ಕಳಿಗೆ ಬೇಗ ಕೈಗೆ ಹತ್ತಲಿ ಅಂತ ಅಪ್ಪ ಕಲಿಸಿದರೆ ಒಳ್ಳೇದೇ, ಅದನ್ನು ನಾನೂ ಒಪ್ಪುತ್ತೇನೆ. ಜಾತಿ ಅಷ್ಟಕ್ಕೇ ನಿಲ್ಲುವುದಿಲ್ಲವಲ್ಲೋ. ಅಂದಹಾಗೆ, ನೀನು ಹೊಗಳುವ ಆ ವ್ಯವಸ್ಥೆಯಲ್ಲಿ ನಿನ್ನ ಜಾಗ ಲ್ಯಾಪ್‌ಟಾಪ್ ಮುಂದೆ ಅಲ್ಲ, ಕ್ರೌಲಿಯನ್ನು ಓದುತ್ತಾ ಅಂತೂ ಅಲ್ಲ.

ಕುಂಬಾರ ಗುಂಡಯ್ಯನ ಕಥೆ ತೆಗೀತೀಯ, ಗೊತ್ತು. ಗಡಿಗೆ ತಟ್ಟುವ ದನಿಗೆ ಗುಂಡಯ್ಯ ಕುಣಿದ, ಶಿವನೂ ಬಂದು ಕುಣಿದ. ಹರಿಹರನ ರಗಳೆಯಲ್ಲಿದೆ, ನಿನ್ನ ತಾತನಿಗೆ ಅದನ್ನು ಕೇಳಿದರೆ ಕಣ್ಣಲ್ಲಿ ನೀರು. ಆದರೆ ಶಿವ ಬಂದದ್ದು ಗುಂಡಯ್ಯನ ಅಪ್ಪ ಯಾರು ಅಂತ ವಿಚಾರಿಸಿಕೊಂಡು ಅಲ್ಲ.

ಇನ್ನು ನಿನ್ನ ಗುರು. ಕ್ರೌಲಿಯ ಮನೆತನದ ದುಡ್ಡು ಬಿಯರ್ ವ್ಯಾಪಾರದ್ದು, ಅದು ಅವನಿಗೆ ಕೂತಲ್ಲಿಗೇ ಬಂತು. ಕೈಯಲ್ಲಿ ದುಡ್ಡಿದ್ದಾಗ ಸಂಕಲ್ಪ ಹುಡುಕೋದು ಸುಲಭ, ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ. 1905ರಲ್ಲಿ ಅವನು ಕಾಂಚನಜುಂಗಾ ಹತ್ತಲು ಹೋದ. ಜಗಳ ಆಗಿ ಕೆಲವರು ಕೆಳಗೆ ಇಳಿಯುವಾಗ ಹಿಮ ಕುಸಿದು ಪಾಷ್ ಅನ್ನುವ ಸ್ವಿಸ್ ಅಧಿಕಾರಿಯೂ ಮೂವರು ಕೂಲಿಗಳೂ ಸತ್ತರು. ಮೇಲಿನ ಡೇರೆಯಲ್ಲಿದ್ದ ಕ್ರೌಲಿ ಆ ರಾತ್ರಿ ಇಳಿದು ಬರಲಿಲ್ಲ, ಇಂಥ ಅಪಘಾತಕ್ಕೆ ತನಗೆ ಮರುಕ ಇಲ್ಲ ಅಂತ ಬರೆದ. ಪಾಷ್ ಬೆಟ್ಟ ಹತ್ತಬೇಕು ಅಂತಲೇ ಬಂದವನು. ಆ ಮೂವರಿಗೆ ಏನು ಬೇಕಿತ್ತು, ಅವರೂ ನಕ್ಷತ್ರಗಳೇ ಅಲ್ವಾ, ಅವರನ್ನು ಯಾರಾದರೂ ಕೇಳಿದ್ದರಾ? ನೀನು ಥೆಲೆಮಾ ಬಿಡು ಅಂತ ನಾನು ಹೇಳಲ್ಲ. ಓದು, ಧ್ಯಾನ ಮಾಡು, ಡೈರಿ ಬರೆ. ಈ ಪ್ರಶ್ನೆಯನ್ನು ಮಾತ್ರ ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೋ.

ನಾಲ್ಕನೇ ಕೆಲಸವನ್ನೂ ಬಿಡಬೇಕು ಅನ್ನಿಸಿದರೆ ಬಿಡು, ನಿನ್ನ ಅಪ್ಪನಿಗೆ ನಾನು ಹೇಳುತ್ತೇನೆ. ಅದಕ್ಕೆ ಮುಂಚೆ ದೀಪಾವಳಿಗೆ ನಾಲ್ಕು ದಿನ ಊರಿಗೆ ಬಾ. ತಾತನ ತಿಗರಿ ಹಿತ್ತಲಲ್ಲಿ ಇನ್ನೂ ಇದೆ, ಒಂದು ಸಲ ಕೂತು ನೋಡು, ಕೈ ಕೂಡಿದರೆ ಕೂಡಲಿ. ಮಣ್ಣು ಮಾತ್ರ ನೀನೇ ತುಳಿಯಬೇಕು, ನನ್ನ ಮಂಡಿ ಕೇಳಲ್ಲ.

ಇಂತಿ,
ನಿನ್ನ ದೊಡ್ಡಪ್ಪ