ಜ್ವರವಿದ್ದಾಗ ಶಾಲೆಗೆ ಕಳಿಸಬೇಕೋ ಬೇಡವೋ: ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆಯ ಜೊತೆ ಜ್ವರ, ಕೆಮ್ಮೂ ಶುರುವಾಗಿವೆ.

ಹಣೆ ಮುಟ್ಟಿ ತೀರ್ಮಾನ ಮಾಡಬೇಡಿ, ಥರ್ಮಾಮೀಟರ್ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿದ್ದರೆ ಅವತ್ತು ಮನೆಯಲ್ಲೇ ಇರಲಿ. ಕಂಕುಳಲ್ಲಿ ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ, ಹಾಗಾಗಿ ಅಲ್ಲಿ 99.5 ಇದ್ದರೂ ಕಳಿಸಬೇಡಿ.

ದಯವಿಟ್ಟು ಪ್ಯಾರಾಸಿಟಮಾಲ್ ಕುಡಿಸಿ ಬಸ್ ಹತ್ತಿಸಬೇಡಿ. ಅದು ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ ಅಷ್ಟೆ. ಊಟದ ಬೆಲ್ ಹೊತ್ತಿಗೆ ಜ್ವರ ಮತ್ತೆ ಏರಿ ಮಗು ಬೆಂಚಿನ ಮೇಲೆ ತಲೆಯಿಟ್ಟು ಮಲಗಿರುತ್ತದೆ, ಅಷ್ಟರಲ್ಲಿ ಪಕ್ಕದ ಮಕ್ಕಳಿಗೂ ಅಂಟಿರಬಹುದು. ಔಷಧಿ ಇಲ್ಲದೆಯೇ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಕಳಿಸಿ. ಹಾಜರಾತಿ ಆಮೇಲೆ ನೋಡಿಕೊಳ್ಳೋಣ.

ವಾಂತಿ, ಭೇದಿ ನಿಂತ ಮೇಲೂ ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ ಮನೆಯಲ್ಲೇ ಇರಲಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಿ. ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಉಪ್ಪು ಹೆಚ್ಚಾಗಿ ತೊಂದರೆಯಾಗುತ್ತದೆ.

ಚಿಕನ್‌ಪಾಕ್ಸ್ ಆದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ, ಮಂಗನಬಾವಿಗೆ ಊತ ಕಂಡ ಮೇಲೆ 5 ದಿನ ರಜೆ.

ಬರೀ ಮೂಗು ಸೋರುತ್ತಿದ್ದು ಆಡಿಕೊಂಡಿದ್ದರೆ ಕರವಸ್ತ್ರ ಕೊಟ್ಟು ಕಳಿಸಿ. ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಶಾಲೆಯ ಮಾತು ಬಿಟ್ಟು ತಕ್ಷಣ ಡಾಕ್ಟರ ಹತ್ತಿರ ಕರೆದೊಯ್ಯಿರಿ.