ಚಕ್ಕೆಯ ಪೊಟ್ಟಣ ಚಿಕ್ಕದಾಗಿದೆ, ಕಾರಣ ಇದು

ಪ್ರಿಯ ಗ್ರಾಹಕರೇ,

ಈ ತಿಂಗಳಿನಿಂದ ನಮ್ಮ ಚಕ್ಕೆಯ ಪೊಟ್ಟಣದಲ್ಲಿ 100 ಗ್ರಾಂ ಬದಲು 50 ಗ್ರಾಂ ಇರುತ್ತದೆ. ಬೆಲೆ ಮೊದಲಿನದೇ. ಅಂದರೆ ದರ ಇಮ್ಮಡಿಯಾಗಿದೆ.

ಇಷ್ಟು ದಿನ ನಾವು ತುಂಬಿಸುತ್ತಿದ್ದದ್ದು ಸಗಟು ಅಂಗಡಿಯ ಕ್ಯಾಸಿಯಾ: ದಪ್ಪ, ಗಟ್ಟಿ, ಒಂದೇ ಸುತ್ತಿನ ತೊಗಟೆ. ಅದು ದಾಲ್ಚಿನ್ನಿಯ ದಾಯಾದಿಯೇ ಹೊರತು ದಾಲ್ಚಿನ್ನಿಯಲ್ಲ. ಅದರಲ್ಲಿ ಕೂಮರಿನ್ ಎಂಬ ನೈಸರ್ಗಿಕ ರಾಸಾಯನಿಕದ ಅಂಶ ಹೆಚ್ಚು. ದಿನವೂ ಹೆಚ್ಚಾಗಿ ಹೊಟ್ಟೆಗೆ ಹೋದರೆ ಯಕೃತ್ತಿಗೆ ಹಾನಿಯಾಗಬಹುದು. ಅಪರೂಪಕ್ಕೆ ಪಲಾವಿಗೆ ಒಂದು ತುಂಡು ಹಾಕುವವರು ಹೆದರಬೇಕಿಲ್ಲ. ಆದರೆ ನಿಮ್ಮಲ್ಲಿ ಕೆಲವರು ಇದನ್ನೇ ಪುಡಿ ಮಾಡಿ ಪ್ರತಿದಿನ ಬೆಳಿಗ್ಗೆ ಬಿಸಿನೀರಿಗೆ ಬೆರೆಸಿ ಕುಡಿಯುತ್ತಿದ್ದೀರಿ ಎಂದು ತಿಳಿದಾಗ ನಮಗೆ ಸಮಾಧಾನವಾಗಲಿಲ್ಲ. ಮೊದಲೇ ಹೇಳಬೇಕಿತ್ತು, ಕ್ಷಮಿಸಿ.

ಈಗ ಬದಿಯಡ್ಕ, ಪೆರ್ಲ ಕಡೆಯ ನಮ್ಮ ಸಂಘದ ಸದಸ್ಯರ ತೆಂಗಿನ ತೋಟಗಳಲ್ಲಿ ನೆಟ್ಟ ದಾಲ್ಚಿನ್ನಿ ಕೊಯ್ಲಿಗೆ ಬಂದಿದೆ. ಎಳೆಯ ಗಿಡವನ್ನು ಗೇಣುದ್ದ ಬಿಟ್ಟು ಕಡಿದರೆ ಬುಡದ ಸುತ್ತ ಕೋಲುಗಳು ಏಳುತ್ತವೆ. ಅವು ಹೆಬ್ಬೆರಳಿನ ಗಾತ್ರವಾಗಿ, ಕೆಂಪು ಚಿಗುರು ಹಸಿರಿಗೆ ತಿರುಗಿದಾಗ ತೊಗಟೆ ಸಲೀಸಾಗಿ ಬಿಡುತ್ತದೆ. ಹೊರಸಿಪ್ಪೆ ಕೆರೆದು, ಹಿತ್ತಾಳೆಯ ಸರಳಿನಿಂದ ಉಜ್ಜಿ, ಎರಡು ಕಡೆ ಸೀಳಿ, ಚೂರಿಯ ತುದಿಯಿಂದ ಮೆಲ್ಲನೆ ಎಬ್ಬಿಸಬೇಕು. ನೆರಳಿನಲ್ಲಿ ಒಣಗುತ್ತಾ ಅದು ತಾನೇ ಸುರುಳಿಯಾಗುತ್ತದೆ. ಒಂದರೊಳಗೆ ಇನ್ನೊಂದನ್ನು ತೂರಿಸಿದರೆ ಪದರ ಪದರದ ಕೋಲು ಸಿದ್ಧ. ಒಬ್ಬರು ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತು ಸುಲಿದರೂ ಒಣಗಿದ ಮೇಲೆ ಸಿಗುವುದು ಬಹಳ ಕಡಿಮೆ. ಹೆಚ್ಚಿನ ದರ ಹೋಗುವುದು ಆ ಕೈಗಳಿಗೆ.

ಈ ಚಕ್ಕೆ ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪರಿಮಳ ಸಿಹಿ, ಖಾರ ಕಡಿಮೆ. ಪಾಯಸಕ್ಕೂ ಚಹಾಕ್ಕೂ ಇದಕ್ಕಿಂತ ಒಳ್ಳೆಯದು ನಮಗೆ ಗೊತ್ತಿಲ್ಲ. ಗರಂ ಮಸಾಲೆಗೆ ಮಾತ್ರ ತುಸು ಹೆಚ್ಚು ಹಾಕಿ.

ಎಲೆಯ ಪೊಟ್ಟಣದ ಮೇಲಿದ್ದ ‘ಬೇ ಲೀಫ್’ ಹೆಸರನ್ನೂ ತೆಗೆದಿದ್ದೇವೆ. ಬೇ ಲೀಫ್ ಮೆಡಿಟರೇನಿಯನ್ ಕಡೆಯ ಮರದ್ದು, ಅದರ ನಡುವೆ ಒಂದೇ ನರ. ನಮ್ಮದು ದಾಲ್ಚಿನ್ನಿಯ ಎಲೆ. ಬುಡದಿಂದ ತುದಿಗೆ ಮೂರು ನರ, ಹಿಸುಕಿದರೆ ಲವಂಗದ ಘಮ. ಇನ್ನು ಮುಂದೆ ‘ದಾಲ್ಚಿನ್ನಿ ಎಲೆ’ ಎಂಬ ಹೆಸರಿನಲ್ಲೇ ಬರುತ್ತದೆ.

ದಾಸ್ತಾನು ಮುಗಿದರೆ ಮುಂದಿನ ಕೊಯ್ಲಿನವರೆಗೆ ಕಾಯಬೇಕಾಗುತ್ತದೆ. ಪೇಟೆಯ ಚಕ್ಕೆ ಸೇರಿಸುವುದಿಲ್ಲ. ಒಡೆಯದ ಹಳೆಯ ಪೊಟ್ಟಣವಿದ್ದರೆ ತನ್ನಿ, ಹೊಸದಕ್ಕೆ ಬದಲಾಯಿಸಿ ಕೊಡುತ್ತೇವೆ.

ನಿಮ್ಮ ವಿಶ್ವಾಸಿಗಳು,
ಬೆಳೆಗಾರರ ಸಹಕಾರಿ ಸಂಘದ ಪರವಾಗಿ,
ಬದಿಯಡ್ಕ, ಕಾಸರಗೋಡು